ಸಣ್ಣ ಟ್ಯಾಂಕು, ದೂರದ ಬೆಟ್ಟ

ಕೊಳತ್ತೂರಿನಿಂದ ಪಾಲಾರಿನ ಕಡೆಗೆ ಹೊರಟ ಬೈಕು ಸವಾರನಿಗೆ ಬಲಗಡೆಯಲ್ಲಿ ಮೆಟ್ಟೂರು ಜಲಾಶಯದ ಹಿನ್ನೀರು ಆಗೊಮ್ಮೆ ಈಗೊಮ್ಮೆ ಕಣ್ಣಿಗೆ ಬಿದ್ದು ಮರೆಯಾಗುತ್ತದೆ. ಗೋವಿಂದಪಾಡಿ ಹಿಂದಾದ ಮೇಲೆ ಹೊಲಗಳು ವಿರಳವಾಗಿ ಕುರುಚಲು ಕಾಡು ರಸ್ತೆಯ ಅಂಚಿಗೇ ಬಂದು ನಿಲ್ಲುತ್ತದೆ. ಪಾಲಾರು ಹಳ್ಳದ ಸೇತುವೆ ದಾಟಿದರೆ ಕರ್ನಾಟಕ. ಅಲ್ಲಿಂದ ಮಲೆ ಮಹದೇಶ್ವರ ಬೆಟ್ಟದವರೆಗೆ ಏರು, ತಿರುವು, ಮತ್ತೆ ಏರು. ಈ ಕಾಡಿನ ನಡುವೆ ಪೆಟ್ರೋಲ್ ಬಂಕ್ ಇಲ್ಲ. ದೊಡ್ಡ ಟ್ಯಾಂಕಿನ ಬೈಕಿನವನಿಗೆ ಇದು ನೆನಪಿಗೂ ಬಾರದ ಸಂಗತಿ. ಸಣ್ಣ ಟ್ಯಾಂಕಿನ ಕ್ರೂಸರ್ ಬೈಕು ಕೊಂಡವನಿಗೆ ಮಾತ್ರ ಮನೆಯ ಬಾಗಿಲಲ್ಲೇ ಎದುರಾಗುವ ಪ್ರಶ್ನೆ.

ಕೊಳತ್ತೂರಿನ ಕನ್ನಡ ಮನೆಗಳಿಗೆ ಇದು ವಿಹಾರಕ್ಕೆ ಹೋಗುವ ದಾರಿಯಲ್ಲ. ಅಮಾವಾಸ್ಯೆಯ ದಿನ ಮಾದಪ್ಪನ ದರ್ಶನ, ಹನೂರು ಕೊಳ್ಳೇಗಾಲಗಳ ಕಡೆ ಕೊಟ್ಟು ತಂದ ಸಂಬಂಧಗಳು, ಬೀಗರ ಮನೆಯ ಗೃಹಪ್ರವೇಶ, ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿದ ಸೋದರಮಾವ, ಎಲ್ಲಕ್ಕೂ ಇದೇ ದಾರಿ. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲ ತಾಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಾಲಾರಿನ ಎರಡೂ ದಡಗಳು ಒಂದೇ ಸರಕಾರದ ಆಡಳಿತದಲ್ಲಿದ್ದವು. ಗಡಿ ಬಂದಿತು, ನಂಟು ಉಳಿಯಿತು. ಆಮೇಲೆ ವೀರಪ್ಪನ್ ಕಾಲದ ಭಯ ಈ ರಸ್ತೆಯನ್ನು ಬರಿದು ಮಾಡಿತ್ತು. 1993ರ ಏಪ್ರಿಲಿನಲ್ಲಿ ಪಾಲಾರಿನ ಬಳಿ ನಡೆದ ನೆಲಬಾಂಬು ಸ್ಫೋಟವನ್ನು ಈ ಭಾಗದ ಹಿರಿಯರು ಇಂದಿಗೂ ಮರೆತಿಲ್ಲ. 2004ರ ಅಕ್ಟೋಬರಿನಲ್ಲಿ ಆ ಅಧ್ಯಾಯ ಮುಗಿದ ನಂತರವೇ ಜನ ಸ್ವಂತ ಬೈಕುಗಳಲ್ಲಿ ಧೈರ್ಯವಾಗಿ ಓಡಾಡತೊಡಗಿದ್ದು. ಮೆಟ್ಟೂರಿನಿಂದ ಬೆಟ್ಟಕ್ಕೆ ಬಸ್ಸುಗಳಿವೆ ನಿಜ. ಆದರೆ ಬೀಗರ ಮನೆ ಬಸ್ಸಿನ ವೇಳಾಪಟ್ಟಿ ನೋಡಿ ಕರೆಯುವುದಿಲ್ಲ.

ಹೀಗೆ ಓಡಾಡುವ ಬೈಕುಗಳ ನಡುವೆ ಈಚಿನ ವರ್ಷಗಳಲ್ಲಿ ಕ್ರೂಸರುಗಳು ಹೆಚ್ಚಾಗಿವೆ. ತಗ್ಗಾದ ಸೀಟು, ಮುಂದಕ್ಕೆ ಚಾಚಿದ ಕಾಲು, ಅಗಲವಾದ ಹ್ಯಾಂಡಲ್, ನೀರಹನಿಯಂತೆ ಇಳಿದುಬಂದ ಟ್ಯಾಂಕ್. ನೋಡಿದರೆ ನೂರು ಹರದಾರಿ ಓಡಲೆಂದೇ ಹುಟ್ಟಿದ ಬಂಡಿಯಂತೆ ಕಾಣುತ್ತದೆ. ವಿಚಿತ್ರವೆಂದರೆ, ಆ ರೂಪಕ್ಕಾಗಿಯೇ ಅದರ ಹೊಟ್ಟೆಯನ್ನು ಕಿರಿದು ಮಾಡಿರುತ್ತಾರೆ.

ಸಣ್ಣ ಟ್ಯಾಂಕಿನ ಮೂಲವನ್ನು ಹುಡುಕಿದರೆ ಅಮೆರಿಕದ ಹಾರ್ಲೆ ಡೇವಿಡ್ಸನ್ ಕಂಪನಿಯ 1948ರ ಒಂದು ಪುಟ್ಟ ಬೈಕು ಸಿಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯಿಂದ ಪರಿಹಾರವಾಗಿ ಬಂದ ಡಿಕೆಡಬ್ಲ್ಯೂ ಬೈಕಿನ ವಿನ್ಯಾಸವನ್ನು ಅನುಸರಿಸಿ ಮಾಡಿದ 125 ಸಿಸಿಯ ಬಂಡಿ ಅದು. ಅದರ ಮೇಲೆ ಕೂರಿಸಿದ್ದ ಚಿಕ್ಕ ಟ್ಯಾಂಕಿಗೆ ಅಲ್ಲಿನ ಜನ ಕಡಲೆಕಾಯಿ ಎಂದು ಅಡ್ಡಹೆಸರಿಟ್ಟರು. ನೆಲಗಡಲೆ ಬೆಳೆಯುವ ಸೇಲಂ ಧರ್ಮಪುರಿಗಳ ರೈತನಿಗೆ ಆ ಆಕಾರವನ್ನು ಬೇರೆ ವಿವರಿಸಬೇಕಾಗಿಲ್ಲ. 125 ಸಿಸಿಯ ಬೈಕಿಗೆ ಆ ಟ್ಯಾಂಕು ಸಾಕಾಗಿತ್ತು. ಮುಂದೆ ಅದೇ ಕಡಲೆಕಾಯಿಯನ್ನು ತೆಗೆದು ದೊಡ್ಡ ಎಂಜಿನ್ನಿನ ಸ್ಪೋರ್ಟ್‌ಸ್ಟರ್ ಬೈಕುಗಳ ಮೇಲಿಟ್ಟರು. 2010ರಲ್ಲಿ ಬಂದ ‘ಫಾರ್ಟಿ ಎಯ್ಟ್’ ಎಂಬ ಮಾದರಿಗೆ ಆ 1948ರ ನೆನಪಿನಿಂದಲೇ ಹೆಸರು; 1200 ಸಿಸಿಯ ಎಂಜಿನ್, 7.9 ಲೀಟರಿನ ಟ್ಯಾಂಕು. ಭಾರತದಲ್ಲೂ ಅದು ಮಾರಾಟವಾಯಿತು. ಆನೆಗೆ ಮಡಕೆಯಲ್ಲಿ ನೀರು ಕುಡಿಸಿದ ಹಾಗೆ.

ನಮ್ಮ ದೇಶದ ಕ್ರೂಸರುಗಳು ಅಷ್ಟು ಜಿಪುಣವಲ್ಲ. 2001ರಲ್ಲಿ ಬಂದ ಬಜಾಜ್ ಎಲಿಮಿನೇಟರ್‌ನ ಸಂತತಿಯಾದ ಅವೆಂಜರ್‌ಗೆ ಈಚಿನ ಮಾದರಿಗಳಲ್ಲಿ 13 ಲೀಟರು. ಜಾವಾ 42 ಬಾಬರ್‌ಗೆ 12.5. ರಾಯಲ್ ಎನ್‌ಫೀಲ್ಡ್ ಮೀಟಿಯರ್ 350ಕ್ಕೆ 15. ಇವುಗಳಲ್ಲಿ ಹನ್ನೆರಡು ಹದಿಮೂರು ಲೀಟರಿನವನ್ನು ಊರೊಳಗೆ ಓಡಿಸುವಾಗ ಯಾರೂ ಸಣ್ಣ ಟ್ಯಾಂಕು ಎನ್ನುವುದಿಲ್ಲ. ವಾರಕ್ಕೊಮ್ಮೆ ತುಂಬಿಸಿದರೆ ಆಯಿತು. ದೂರದ ದಾರಿಗೆ ಇಳಿದಾಗಲೇ ಅದರ ಅಳತೆ ತಿಳಿಯುವುದು.

ಲೆಕ್ಕ ಹಾಕಿ ನೋಡಬಹುದು. ಕೊಳತ್ತೂರಿನಿಂದ ಬೆಟ್ಟಕ್ಕೆ ಸುಮಾರು 45 ಕಿ.ಮೀ., ಬೆಟ್ಟದಿಂದ ಕೊಳ್ಳೇಗಾಲಕ್ಕೆ 80ರ ಆಸುಪಾಸು, ಅಲ್ಲಿಂದ ಮೈಸೂರಿಗೆ ಇನ್ನೊಂದು 65. ಒಟ್ಟು 190 ಎಂದಿಟ್ಟುಕೊಂಡರೆ ಹೋಗಿ ಬರಲು 380. ಹದಿಮೂರು ಲೀಟರಿನ ಬೈಕು ಲೀಟರಿಗೆ 35 ಕಿ.ಮೀ. ಕೊಡುತ್ತದೆ ಎಂದರೆ 455 ಕಿ.ಮೀ. ಆಯಿತು, ಹೋಗಿ ಬಂದು ಇನ್ನೂ ಮಿಗುತ್ತದೆ. ಹೊಸ ಬೈಕಿನ ಸವಾರ ಈ ಒಂದು ಗುಣಾಕಾರವನ್ನು ನಂಬಿ ಹೊರಡುತ್ತಾನೆ.

ದಾರಿ ಈ ಗುಣಾಕಾರವನ್ನು ಒಪ್ಪುವುದಿಲ್ಲ. ಟ್ಯಾಂಕಿನ ತಳದ ಎರಡು ಲೀಟರನ್ನು ಲೆಕ್ಕಕ್ಕೆ ಹಿಡಿಯಬಾರದು. ಅದು ಆಪತ್ತಿನ ದುಡ್ಡು. ಉಳಿದ 11 ಲೀಟರಿಗೆ 385 ಕಿ.ಮೀ. ಈಗ ಬಂಕುಗಳಲ್ಲಿ ಸಿಗುವುದು ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲು. ಎಥನಾಲಿನ ಶಾಖಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಆದ್ದರಿಂದಲೇ ನೀತಿ ಆಯೋಗದ ತಜ್ಞರ ಸಮಿತಿ 2021ರ ತನ್ನ ವರದಿಯಲ್ಲಿ, ಶೇ. 10ರ ಮಿಶ್ರಣಕ್ಕೆ ಹೊಂದಿಸಿದ ದ್ವಿಚಕ್ರ ವಾಹನಗಳ ಮೈಲೇಜು ಶೇ. 20ರ ಮಿಶ್ರಣದಲ್ಲಿ ನೂರಕ್ಕೆ 3ರಿಂದ 4ರಷ್ಟು ಇಳಿಯುತ್ತದೆಂದು ಹೇಳಿತ್ತು. ನಾಲ್ಕನ್ನು ಕಳೆದರೆ 370. ಹಿಂದೆ ಕುಳಿತ ಹೆಂಡತಿ, ಅವಳ ಮಡಿಲಲ್ಲಿ ತೆಂಗಿನಕಾಯಿ ಹಣ್ಣಿನ ಚೀಲ, ಬೆಟ್ಟದ ಏರು, ಎದುರುಗಾಳಿ ಇವಕ್ಕೆಲ್ಲ ಸೇರಿ ಇನ್ನೂ ಹತ್ತನೆಯ ಒಂದು ಪಾಲು ಬಿಟ್ಟರೆ 330ರ ಹತ್ತಿರ ಬಂದು ನಿಲ್ಲುತ್ತದೆ. ಕಾಗದದ ಮೇಲೆ ಮೈಸೂರಿಗೆ ಹೋಗಿ ಮನೆ ತಲುಪಿದ ಬೈಕು ನಿಜದ ದಾರಿಯಲ್ಲಿ ಬೆಟ್ಟದ ಮೇಲೆಯೇ ಬರಿದಾಗಿ, ಅಲ್ಲಿಂದಾಚೆಗೆ ಆಪತ್ತಿನ ದುಡ್ಡಿನಲ್ಲಿ ಕಾಡು ದಾಟಬೇಕಾಗುತ್ತದೆ. ಅದೂ ಸಂಜೆಯ ಹೊತ್ತಿಗೆ, ಏಕೆಂದರೆ ಹಿಂದಿರುಗುವವರು ಹೊರಡುವುದು ಯಾವಾಗಲೂ ತಡವಾಗಿಯೇ.

ಇದೇ ಕಳೆಯುವ ಲೆಕ್ಕವನ್ನು ಬಾಬರ್‌ಗೆ ಹಾಕಿದರೆ, ಲೀಟರಿಗೆ 28ರಂತೆ, 350 ಇಳಿದು 255ರ ಸುತ್ತ ಆಗುತ್ತದೆ. 7.9 ಲೀಟರಿನ ಹಾರ್ಲೆಗೆ ಲೀಟರಿಗೆ 20 ಎಂದು ಹಿಡಿದು, ತಳದಲ್ಲಿ ಒಂದೂವರೆ ಲೀಟರು ಬಿಟ್ಟರೆ, ಕೈಗೆ ಸಿಗುವುದು 110 ಕಿ.ಮೀ. ಕೊಳತ್ತೂರಿನಲ್ಲಿ ಕಂಠಮಟ್ಟ ತುಂಬಿಸಿ ಹೊರಟರೂ ಅದು ಕೊಳ್ಳೇಗಾಲವನ್ನು ಮುಟ್ಟುವುದಿಲ್ಲ; ಹನೂರಿನಲ್ಲಿ ನಿಲ್ಲಲೇಬೇಕು. ಲಕ್ಷಾಂತರ ರೂಪಾಯಿಯ ಆ ಬೈಕಿನ ಪಕ್ಕದಲ್ಲಿ ಕೊಳತ್ತೂರಿನ ರೈತನ ಟಿವಿಎಸ್ ಎಕ್ಸ್‌ಎಲ್ ಮೊಪೆಡ್ಡನ್ನು ನಿಲ್ಲಿಸಿ ನೋಡಬೇಕು. ಅದರ ಟ್ಯಾಂಕು ನಾಲ್ಕೇ ಲೀಟರು. ಲೀಟರಿಗೆ 55 ಕೊಟ್ಟರೂ 220 ಕಿ.ಮೀ. ಟ್ಯಾಂಕು ಸಣ್ಣದು ದೊಡ್ಡದು ಎನ್ನುವುದು ಲೀಟರಿನ ಮಾತಲ್ಲ ಎಂಬುದನ್ನು ಹೊಸೂರಿನ ಕಾರ್ಖಾನೆಯಿಂದ ಬರುತ್ತಿರುವ ಈ ಬಡಪಾಯಿ ಬಂಡಿ ಹಳ್ಳಿಗಳಿಗೆ ಎಂದೋ ಕಲಿಸಿದೆ.

ಆದ್ದರಿಂದ ಸಣ್ಣ ಟ್ಯಾಂಕಿನೊಡನೆ ಬಾಳುವವನು ಕೇಳಬೇಕಾದ ಪ್ರಶ್ನೆ ‘ಇನ್ನೂ ಎಷ್ಟು ಪೆಟ್ರೋಲಿದೆ’ ಎಂಬುದಲ್ಲ. ‘ಮುಂದಿನ ನಂಬಿಕೆಯ ಬಂಕು ಎಲ್ಲಿದೆ, ಅದರಾಚೆಯ ಬಂಕು ಎಲ್ಲಿದೆ’ ಎಂಬುದು. ಪಳಗಿದ ಸವಾರರು ತುಂಬಿಸುವ ಜಾಗವನ್ನು ಟ್ಯಾಂಕನ್ನು ನೋಡಿ ತೀರ್ಮಾನಿಸುವುದಿಲ್ಲ, ಊರನ್ನು ನೋಡಿ ತೀರ್ಮಾನಿಸುತ್ತಾರೆ. ಹೋಗುವಾಗ ಕೊಳತ್ತೂರಿನಲ್ಲಿ, ಅರ್ಧ ಟ್ಯಾಂಕು ಇದ್ದರೂ ಸರಿ, ತುಂಬಿಸುವುದು. ಬರುವಾಗ ಕೊಳ್ಳೇಗಾಲದಲ್ಲಿ ಅಥವಾ ಹನೂರಿನಲ್ಲಿ ಮತ್ತೆ ತುಂಬಿಸುವುದು. ಮೈಸೂರಿನಲ್ಲಿ ತುಂಬಿಸಿದೆನಲ್ಲ ಎಂದು ಕೊಳ್ಳೇಗಾಲವನ್ನು ಹಾಗೆಯೇ ದಾಟಿದವನಿಗೆ ತಾಳಬೆಟ್ಟದ ಬುಡದಲ್ಲಿ ಲೆಕ್ಕ ಮತ್ತೆ ನೆನಪಾಗುತ್ತದೆ. ಶಿವರಾತ್ರಿ, ಯುಗಾದಿ, ದೀಪಾವಳಿಯ ಜಾತ್ರೆಗಳಲ್ಲಿ ಇನ್ನೂ ಮುಂಚಿತವಾಗಿ ಎಚ್ಚರವಿರಬೇಕು. ಬಂಕುಗಳ ಮುಂದೆ ಸಾಲು ಬೆಳೆದಿರುತ್ತದೆ. ಬೆಟ್ಟದ ತಿರುವುಗಳಲ್ಲಿ ಬಸ್ಸುಗಳ ಹಿಂದೆ ಒಂದನೆಯ ಗೇರಿನಲ್ಲಿ ತೆವಳುವಾಗ ಲೀಟರಿಗೆ 35 ಕೊಡುವ ಎಂಜಿನ್ನು 20 ಕೊಟ್ಟರೆ ಪುಣ್ಯ.

ಗಡಿಯವರಿಗೆ ಇನ್ನೊಂದು ಚಪಲವಿದೆ, ಅಗ್ಗದ ಕಡೆ ತುಂಬಿಸುವುದು. 2021ರ ಆಗಸ್ಟಿನಲ್ಲಿ ತಮಿಳುನಾಡು ಸರಕಾರ ಪೆಟ್ರೋಲಿನ ತೆರಿಗೆಯನ್ನು ಲೀಟರಿಗೆ 3 ರೂಪಾಯಿ ಇಳಿಸಿತು. 2024ರ ಜೂನಿನಲ್ಲಿ ಕರ್ನಾಟಕ ತನ್ನ ಮಾರಾಟ ತೆರಿಗೆಯನ್ನು ಏರಿಸಿ ಲೀಟರಿಗೆ 3 ರೂಪಾಯಿ ಹೆಚ್ಚುವಂತೆ ಮಾಡಿತು. ಹೀಗಾಗಿ ‘ಕೊಳತ್ತೂರು ತಲುಪಿದ ಮೇಲೆ ತುಂಬಿಸಿದರಾಯಿತು’ ಎಂಬ ಯೋಚನೆ ಹುಟ್ಟುವುದು ಸಹಜ. ಲೀಟರಿಗೆ ಎರಡು ಮೂರು ರೂಪಾಯಿ ವ್ಯತ್ಯಾಸವೆಂದೇ ಎಣಿಸಿದರೂ, ಹತ್ತು ಲೀಟರು ಹಿಡಿಯುವ ಜಾಗದಲ್ಲಿ ಉಳಿಯುವುದು ಇಬ್ಬರ ಕಾಫಿಯ ದುಡ್ಡು. ಲಾರಿಯವನಿಗೆ ಆ ಲೆಕ್ಕ ಒಪ್ಪುತ್ತದೆ, ಬೈಕಿನವನಿಗೆ ಅಲ್ಲ.

ಟ್ಯಾಂಕಿನ ಒಳಗಿನ ಕಥೆ ಬೇರೆಯೇ ಇದೆ. ಹೊರಗಿನಿಂದ ಒಂದೇ ಗಡಿಗೆಯಂತೆ ಕಂಡರೂ ಬೈಕಿನ ಟ್ಯಾಂಕು ಚೌಕಟ್ಟಿನ ಬೆನ್ನುಮೂಳೆಯನ್ನು ತಬ್ಬಿ ಕೂರುವುದರಿಂದ ಅದರ ಅಡಿಯಲ್ಲಿ ಉದ್ದಕ್ಕೂ ಒಂದು ಕಾಲುವೆ ಇರುತ್ತದೆ, ಕತ್ತೆಯ ಬೆನ್ನಿಗೆ ಹಾಕಿದ ಎರಡು ಚೀಲಗಳಂತೆ. ಪೆಟ್ರೋಲು ಇಳಿಯುತ್ತ ಬಂದಾಗ ಎರಡು ಪಕ್ಕಗಳು ಬೇರೆಯಾಗುತ್ತವೆ. ನಲ್ಲಿ ಇರುವುದು ಒಂದೇ ಪಕ್ಕದಲ್ಲಿ, ಸಾಮಾನ್ಯವಾಗಿ ಎಡಕ್ಕೆ. ಆ ಪಕ್ಕ ಬತ್ತಿದಾಗ ಎಂಜಿನ್ನು ನಿಲ್ಲುತ್ತದೆ, ಬಲಪಕ್ಕದಲ್ಲಿ ಇನ್ನೂ ಸ್ವಲ್ಪ ಪೆಟ್ರೋಲು ಉಳಿದಿರುತ್ತದೆ. ಹಳೆಯ ಮೆಕ್ಯಾನಿಕ್ಕುಗಳು ಹೇಳಿಕೊಡುವ ಉಪಾಯ ಇದಕ್ಕೇ: ಬೈಕಿನಿಂದ ಇಳಿದು ಅದನ್ನು ನಲ್ಲಿಯ ಕಡೆಗೆ ಚೆನ್ನಾಗಿ ಒರಗಿಸಿ, ಒಂದೆರಡು ಸಲ ಅಲುಗಿಸಿ, ಆ ಕಡೆಯ ಪೆಟ್ರೋಲು ಕಾಲುವೆಯನ್ನು ದಾಟಿ ಈ ಕಡೆಗೆ ಬೀಳುವಂತೆ ಮಾಡುವುದು. ಅದರಿಂದ ಸಿಗುವುದು ನಾಲ್ಕಾರು ಕಿ.ಮೀ. ಮಾತ್ರ. ಕಾಡಿನ ದಾರಿಯಲ್ಲಿ ನಾಲ್ಕು ಕಿ.ಮೀ. ಎಂದರೆ ಒಂದು ಚೆಕ್‌ಪೋಸ್ಟಿನ ದೀಪ ಕಾಣುವಷ್ಟು ದೂರವೂ ಆಗಬಹುದು.

ಕಾರ್ಬುರೇಟರ್ ಇದ್ದ ಕಾಲದಲ್ಲಿ ರಿಸರ್ವ್ ಎಂಬ ಸರಳ ವ್ಯವಸ್ಥೆಯೊಂದಿತ್ತು. ನಲ್ಲಿಯ ಒಳಗೆ ಎರಡು ಬಾಯಿ, ಒಂದು ಎತ್ತರಕ್ಕೆ, ಒಂದು ತಳಕ್ಕೆ. ಎತ್ತರದ ಬಾಯಿಗೆ ಪೆಟ್ರೋಲು ಎಟುಕದಾದಾಗ ಎಂಜಿನ್ನು ಮುಗ್ಗರಿಸುತ್ತದೆ. ಓಡುತ್ತಲೇ ಎಡಗೈ ಚಾಚಿ ನಲ್ಲಿಯನ್ನು ತಿರುಗಿಸಿದರೆ ಚೇತರಿಸಿಕೊಳ್ಳುತ್ತದೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1960ರ ದಶಕದಲ್ಲಿ ಹೊರಬಂದ ಜಾವಾ, ಆಮೇಲಿನ ಯೆಜ್ಡಿ ಇವನ್ನು ಓಡಿಸಿದ ಹಿರಿಯರ ಕೈಗೆ ಈ ಚಲನೆ ಕಣ್ಣು ಮುಚ್ಚಿದರೂ ಬರುತ್ತದೆ. ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಅಳೆದು ಬೆರೆಸಬೇಕಾಗಿದ್ದ ಟೂ ಸ್ಟ್ರೋಕ್ ಬಂಡಿಗಳವು. ಟ್ಯಾಂಕನ್ನು ಲಕ್ಷ್ಯವಿಟ್ಟು ತುಂಬಿಸುವ ಅಭ್ಯಾಸವನ್ನು ಅವೇ ಕಲಿಸಿದವು. ಅವರ ಮರೆವೂ ಒಂದೇ ಬಗೆಯದು. ತುಂಬಿಸಿದ ಮೇಲೆ ನಲ್ಲಿಯನ್ನು ರಿಸರ್ವಿನಿಂದ ಹಿಂದಕ್ಕೆ ತಿರುಗಿಸದೆ ಬಿಟ್ಟರೆ ಮುಂದಿನ ಸಲ ಮುಗ್ಗರಿಸುವ ಎಚ್ಚರಿಕೆಯೇ ಇಲ್ಲ, ಬೈಕು ಒಮ್ಮೆಲೇ ನಿಲ್ಲುತ್ತದೆ. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮರಳಿ ಬಂದದ್ದು ಮಧ್ಯಪ್ರದೇಶದ ಪೀಥಂಪುರದ ಕಾರ್ಖಾನೆಯಿಂದ.

2020ರ ಏಪ್ರಿಲಿನಲ್ಲಿ ಬಿಎಸ್ 6 ನಿಯಮ ಜಾರಿಗೆ ಬಂದಾಗ ಕ್ರೂಸರುಗಳಿಗೆ ಫ್ಯುಯೆಲ್ ಇಂಜೆಕ್ಷನ್ ಬಂದಿತು, ನಲ್ಲಿ ಹೋಯಿತು. ಈಗಿರುವುದು ಒಂದು ಹಳದಿ ದೀಪ ಅಥವಾ ಮಿನುಗುವ ಗೆರೆ. ದೀಪ ಹೊತ್ತಿದ ಮೇಲೆ ಎಷ್ಟು ದೂರ ಎಂಬುದು ಬೈಕಿನಿಂದ ಬೈಕಿಗೆ ಬೇರೆ. ಏರಿನಲ್ಲಿ ಪೆಟ್ರೋಲು ಹಿಂದಕ್ಕೆ ಸರಿದಾಗ ಒಂದು ಬಗೆ, ಇಳಿಜಾರಿನಲ್ಲಿ ಮುಂದಕ್ಕೆ ಬಂದಾಗ ಇನ್ನೊಂದು ಬಗೆ ತೋರಿಸುತ್ತದೆ. ಅಗಲವಾದ ತೆಳ್ಳನೆಯ ಟ್ಯಾಂಕಿನಲ್ಲಿ ತೇಲುವ ಬಿಲ್ಲೆ ಹೇಳುವುದನ್ನು ಅರ್ಧ ಮಾತ್ರ ನಂಬಬೇಕು. ಇಷ್ಟೇ ಅಲ್ಲ, ಪೆಟ್ರೋಲನ್ನು ಎಂಜಿನ್ನಿಗೆ ತಳ್ಳುವ ವಿದ್ಯುತ್ ಪಂಪು ಈಗ ಟ್ಯಾಂಕಿನ ಒಳಗೇ ಮುಳುಗಿ ಕೂತಿರುತ್ತದೆ. ಅದನ್ನು ತಂಪಾಗಿಡುವುದು ಸುತ್ತಲಿನ ಪೆಟ್ರೋಲೇ. ತಳಮಟ್ಟದಲ್ಲಿ ಓಡಿಸುವುದನ್ನೇ ಚಾಳಿ ಮಾಡಿಕೊಂಡರೆ ಪಂಪು ಬಿಸಿಯಾಗಿ ಬೇಗ ಸವೆಯುತ್ತದೆ. ನಲ್ಲಿ ಕೆಟ್ಟರೆ ಗೋವಿಂದಪಾಡಿಯ ಮೆಕ್ಯಾನಿಕ್ಕನೂ ಬಿಚ್ಚಿ ಕಟ್ಟುತ್ತಿದ್ದ. ಪಂಪು ಕೆಟ್ಟರೆ ಬೈಕನ್ನು ಟೆಂಪೋಗೆ ಹತ್ತಿಸಬೇಕು.

ಸಣ್ಣ ಟ್ಯಾಂಕಿನವರು ಮಾಡುವ ಇನ್ನೊಂದು ತಪ್ಪು ಅತಿಯಾಸೆಯದು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಮುಚ್ಚಳದ ಅಂಚಿನವರೆಗೆ ತುಂಬಿಸುತ್ತಾರೆ. ಬಂಕಿನ ನೆಲದೊಳಗಿನ ತೊಟ್ಟಿಯಿಂದ ತಂಪಾಗಿ ಬಂದ ಪೆಟ್ರೋಲು ಮೆಟ್ಟೂರಿನ ಚೈತ್ರದ ಬಿಸಿಲಿನಲ್ಲಿ 20 ಡಿಗ್ರಿ ಕಾದರೆ ಹತ್ತು ಲೀಟರು ಸುಮಾರು 200 ಮಿಲಿಲೀಟರಿನಷ್ಟು ಉಬ್ಬುತ್ತದೆ. ಹೋಗಲು ಜಾಗವಿಲ್ಲದೆ ಅದು ಗಾಳಿಕೊಳವೆಯಲ್ಲಿ ಹೊರಬಿದ್ದು ಬಿಸಿ ಎಂಜಿನ್ನಿನ ಮೇಲೆ ತೊಟ್ಟಿಕ್ಕಬಹುದು. ಕತ್ತಿನ ಕೆಳಗಿನ ಪಟ್ಟಿಯವರೆಗೆ ಸಾಕು. ಆ ಗಾಳಿಕೊಳವೆ ಧೂಳಿನಿಂದ ಕಟ್ಟಿಕೊಂಡರೆ ಬೇರೊಂದು ಮೋಸವಿದೆ. ಪೆಟ್ರೋಲು ಇಳಿದ ಜಾಗಕ್ಕೆ ಗಾಳಿ ಬಾರದೆ ಹರಿವು ನಿಂತು, ಟ್ಯಾಂಕಿನಲ್ಲಿ ಪೆಟ್ರೋಲಿದ್ದೂ ಬೈಕು ಬರಿದಾದ ಹಾಗೆ ಮುಗ್ಗರಿಸುತ್ತದೆ. ಮುಚ್ಚಳ ತೆರೆದಾಗ ‘ಹುಸ್’ ಎಂದು ಗಾಳಿ ಒಳಹೋಗುವ ಸದ್ದು ಕೇಳಿದರೆ ರೋಗ ಅದೇ.

ಇಳಿಜಾರಿನಲ್ಲಿ ಎಂಜಿನ್ನು ನಿಲ್ಲಿಸಿ ಅಥವಾ ನ್ಯೂಟ್ರಲ್‌ನಲ್ಲಿ ಬೈಕನ್ನು ಜಾರಬಿಟ್ಟು ಪೆಟ್ರೋಲು ಉಳಿಸುವ ಜಾಣತನವನ್ನು ಬೆಟ್ಟದ ದಾರಿಯಲ್ಲಿ ಬಹಳ ಕಾಣಬಹುದು. ಇಂಜೆಕ್ಷನ್ ಬೈಕಿನಲ್ಲಿ ಇದು ಜಾಣತನವೂ ಅಲ್ಲ. ಗೇರಿನಲ್ಲಿದ್ದು ಥ್ರಾಟಲ್ ಪೂರ್ತಿ ಬಿಟ್ಟು ಇಳಿಯುವಾಗ ಅಂಥ ಎಂಜಿನ್ನು ಪೆಟ್ರೋಲನ್ನು ತಾನೇ ತಡೆಯುತ್ತದೆ; ನ್ಯೂಟ್ರಲ್‌ನಲ್ಲಿ ಉರಿಯುತ್ತಿರಲು ಮಾತ್ರ ಅದಕ್ಕೆ ಪೆಟ್ರೋಲು ಬೇಕು. ಕ್ರೂಸರು ಭಾರದ ಬಂಡಿ. ಎಂಜಿನ್ನಿನ ಹಿಡಿತವಿಲ್ಲದೆ ತಿರುವಿಗೆ ಇಳಿದರೆ ಇಡೀ ಭಾರ ಬ್ರೇಕಿನ ಮೇಲೆ ಬಿದ್ದು, ಕಾದ ಬ್ರೇಕು ಕೊನೆಯ ತಿರುವಿನಲ್ಲಿ ಕೈಕೊಡಬಹುದು. ಅರ್ಧ ಲೀಟರು ಉಳಿಸಲು ಹೋಗಿ ಪ್ರಾಣವನ್ನು ಒತ್ತೆ ಇಡುವ ವ್ಯಾಪಾರ ಅದು.

ಜೊತೆಗೊಂದು ಬಾಟಲಿ ಇಟ್ಟುಕೊಂಡರೆ ಸಾಲದೆ ಎಂಬುದು ಎಲ್ಲರಿಗೂ ಹೊಳೆಯುವ ಪರಿಹಾರ. ಇಲ್ಲಿ ಕಾನೂನು ಏನು ಹೇಳುತ್ತದೆಂಬುದು ಹೆಚ್ಚಿನವರಿಗೆ ತಿಳಿಯದು. 1934ರ ಪೆಟ್ರೋಲಿಯಂ ಕಾಯಿದೆಯ 8ನೆಯ ಕಲಮಿನಂತೆ, ಮಾರಾಟಕ್ಕಲ್ಲದೆ ಸ್ವಂತಕ್ಕೆ 30 ಲೀಟರಿನವರೆಗೆ ಪೆಟ್ರೋಲನ್ನು ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದು. ಆದರೆ ಭದ್ರವಾಗಿ ಮುಚ್ಚಿದ ಗಾಜಿನ, ಪಿಂಗಾಣಿಯಂಥ ಸುಟ್ಟ ಮಣ್ಣಿನ ಅಥವಾ ಲೋಹದ ಪಾತ್ರೆಯಲ್ಲೇ ಇರಬೇಕು. ಗಾಜು ಮತ್ತು ಮಣ್ಣಿನ ಪಾತ್ರೆ 1 ಲೀಟರನ್ನೂ, ಲೋಹದ್ದು 25 ಲೀಟರನ್ನೂ ಮೀರಬಾರದು. ನೀರಿನ ಪ್ಲಾಸ್ಟಿಕ್ ಬಾಟಲಿ ಆ ಪಟ್ಟಿಯಲ್ಲಿ ಇಲ್ಲ. ಬಂಕಿನ ಹುಡುಗ ಬಾಟಲಿಗೆ ಹಾಕಲು ಒಲ್ಲೆ ಎಂದಾಗ ಅವನೊಡನೆ ಜಗಳಕ್ಕೆ ನಿಲ್ಲುವುದು ಅನ್ಯಾಯ. ಕಾಡಿನ ನಡುವೆ ಬೈಕು ನಿಂತು, ಲಿಫ್ಟ್ ಪಡೆದು ಬಂಕಿಗೆ ಬಂದವನು ಬರಿಗೈಯಲ್ಲಿ ನಿಲ್ಲಬೇಕಾಗುವುದು ಈ ಕಾರಣಕ್ಕೆ. ಬಿಗಿ ಮುಚ್ಚಳದ ಒಂದು ಅಥವಾ ಒಂದೂವರೆ ಲೀಟರಿನ ಲೋಹದ ಬಾಟಲಿಗಳು ಬೈಕಿನ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ. ಅದನ್ನು ಎಂಜಿನ್ನು, ಸೈಲೆನ್ಸರುಗಳಿಂದ ದೂರಕ್ಕೆ, ಅಲುಗದಂತೆ ಕಟ್ಟಿ, ಮೇಲೆ ಒಂದಿಷ್ಟು ಜಾಗ ಬಿಟ್ಟು ತುಂಬಿಸಿಕೊಂಡರೆ 30-40 ಕಿ.ಮೀ. ಕೈಯಲ್ಲಿದ್ದ ಹಾಗೆ. ಪಾಲಾರಿನಿಂದ ಬೆಟ್ಟ ಹತ್ತಲು ಅಷ್ಟು ಸಾಕು.

ಹಳ್ಳಿಯ ಪೆಟ್ಟಿಗೆ ಅಂಗಡಿಗಳಲ್ಲಿ ಸೀಸೆಯಲ್ಲಿ ತೂಗುಹಾಕಿ ಮಾರುವ ಪೆಟ್ರೋಲು ಕೆಲವೊಮ್ಮೆ ಮರ್ಯಾದೆ ಉಳಿಸಿದೆ ಎನ್ನುವುದನ್ನು ಅಲ್ಲಗಳೆಯಲಾಗದು. ಹಾಗೆ ಮಾರುವುದಕ್ಕೆ ಕಾಯಿದೆಯ ಒಪ್ಪಿಗೆಯಿಲ್ಲ. ಅದರಲ್ಲಿ ಏನು ಬೆರೆತಿದೆಯೋ ಯಾರೂ ಹೇಳಲಾರರು. ಇಪ್ಪತ್ತು ಲೀಟರಿನ ಟ್ಯಾಂಕಿಗೆ ಬಿದ್ದ ಒಂದು ಕೆಟ್ಟ ಲೀಟರು ಕರಗಿಹೋಗುತ್ತದೆ, ಬರಿದಾದ ಸಣ್ಣ ಟ್ಯಾಂಕಿಗೆ ಬಿದ್ದರೆ ಎಂಜಿನ್ನು ಉಣ್ಣುವುದು ಅದನ್ನೇ. ಇನ್ನು ದೊಡ್ಡ ಟ್ಯಾಂಕನ್ನು ಮಾಡಿಸಿ ಕೂರಿಸುವವರೂ ಇದ್ದಾರೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸಬಾರದೆನ್ನುತ್ತದೆ. ಅದಿರಲಿ, ಆ ನೀರಹನಿಯ ಚೆಲುವಿಗಾಗಿ ಕೊಂಡ ಬೈಕಿಗೆ ಕೊಡ ಕೂರಿಸಿದರೆ ಕೊಂಡದ್ದೇಕೆ?

ದೂರು ಇಷ್ಟಾದರೂ ಕ್ರೂಸರಿನವರು ಅದನ್ನು ಮಾರಿ ಬೇರೆ ಕೊಳ್ಳುತ್ತಿಲ್ಲ. ಕಾರಣ ಮೈಯಲ್ಲಿದೆ. ಕಾಲು ಮುಂದಕ್ಕೆ ಚಾಚಿ ಕೂರುವ ಭಂಗಿಯಲ್ಲಿ ಮೈಭಾರವೆಲ್ಲ ಬೆನ್ನಿನ ಬುಡದ ಮೇಲೆ ಬೀಳುತ್ತದೆ. ಹಳ್ಳ ದಿಣ್ಣೆ ಬಂದಾಗ ಬೇರೆ ಬೈಕಿನವನು ಪೆಡಲಿನ ಮೇಲೆ ಅರ್ಧ ಎದ್ದು ಏಟನ್ನು ಮೊಣಕಾಲಿಗೆ ಕೊಡುತ್ತಾನೆ. ಕ್ರೂಸರಿನವನಿಗೆ ಎದ್ದು ನಿಲ್ಲಲಾಗದು, ಏಟು ನೇರ ಸೊಂಟಕ್ಕೆ. ಮೊದಲ ಗಂಟೆಯಲ್ಲಿ ಸಿಂಹಾಸನದಂತಿದ್ದ ಸೀಟು ಎರಡನೆಯ ಗಂಟೆಯ ಹೊತ್ತಿಗೆ ಕಲ್ಲಾಗುತ್ತದೆ. ಅಂದರೆ ಬೈಕಿಗೆ ಪೆಟ್ರೋಲು ಬೇಕಾಗುವ ಮುನ್ನವೇ ಸವಾರನಿಗೆ ವಿರಾಮ ಬೇಕು. ನೂರು ನೂರಿಪ್ಪತ್ತು ಕಿ.ಮೀ.ಗೊಮ್ಮೆ ನಿಲ್ಲುವುದನ್ನು ರೂಢಿ ಮಾಡಿಕೊಂಡವನಿಗೆ ಟ್ಯಾಂಕಿನ ಸಣ್ಣತನ ಒಂದು ಕೊರತೆಯಾಗಿ ಉಳಿಯುವುದಿಲ್ಲ. ಕೊಳ್ಳೇಗಾಲದಲ್ಲಿ ಬೈಕಿಗೆ ಪೆಟ್ರೋಲು, ತನಗೆ ಕಾಫಿ. ಹಿಂದೆ ಕುಳಿತ ತಾಯಿ ಕಾಲು ನೀಡಿ ಕೂರಲು ಹತ್ತು ನಿಮಿಷ. ಒಂದೇ ಸೀಟಿನ ಬಾಬರ್‌ಗಳನ್ನು ಕೊಂಡ ಹುಡುಗರು ತಾಯಿಯನ್ನು ಬಸ್ಸಿಗೆ ಹತ್ತಿಸಿ ಹಿಂದೆ ಹಿಂದೆ ಹೋಗಬೇಕು, ಅದು ಬೇರೆ ಮಾತು.

ಆದರೆ ನಿಲ್ಲುವ ಜಾಗ ಸವಾರ ಆರಿಸಿದ್ದಾಗಿರಬೇಕು, ಟ್ಯಾಂಕು ಆರಿಸಿದ್ದಲ್ಲ. ಪಾಲಾರಿನಿಂದ ಬೆಟ್ಟದವರೆಗಿನ ಕಾಡು 2013ರಲ್ಲಿ ಘೋಷಿತವಾದ, 900 ಚದರ ಕಿ.ಮೀ.ಗೂ ಮಿಕ್ಕಿದ ಮಲೆ ಮಹದೇಶ್ವರ ವನ್ಯಜೀವಿಧಾಮದ ಭಾಗ. ಆನೆಗಳು ರಸ್ತೆ ದಾಟುವ ಜಾಗವದು. ಫೋನಿನ ಸಿಗ್ನಲ್ ಎಲ್ಲ ತಿರುವಿನಲ್ಲೂ ಇರುವುದಿಲ್ಲ. ಮುಸ್ಸಂಜೆಯಲ್ಲಿ ಹೆಂಡತಿ ಮಕ್ಕಳೊಡನೆ ಅಲ್ಲಿ ನಿಂತ ಬೈಕನ್ನು ತಳ್ಳುವವನಿಗೆ, 200 ಕಿಲೋ ತೂಕದ ಬಂಡಿ ಏರಿನಲ್ಲಿ ಹತ್ತು ಹೆಜ್ಜೆಗೆ ಉಸಿರು ಕಟ್ಟಿಸುವಾಗ, ಕೊಳ್ಳೇಗಾಲದ ಬಂಕಿನ ಮುಂದೆ ಐದು ನಿಮಿಷದ ಸಾಲಿಗೆ ಬೇಸತ್ತು ಮುಂದೆ ಸಾಗಿದ್ದು ನೆನಪಾಗದೆ ಇರದು. ಕತ್ತಲಾಗುವ ಮುನ್ನ ಪಾಲಾರು ದಾಟಿಬಿಡಬೇಕೆಂದು ಹಿರಿಯರು ಹೇಳುತ್ತಿದ್ದ ಮಾತಿಗೆ ಕಾರಣಗಳು ಬದಲಾಗಿವೆ, ಮಾತು ಹಳತಾಗಿಲ್ಲ.

ತನ್ನ ಬೈಕಿನ ನಿಜವಾದ ಮೈಲೇಜನ್ನು ತಿಳಿಯಲು ಹೆಚ್ಚು ಕಷ್ಟವಿಲ್ಲ. ಕೊಳತ್ತೂರಿನ ಒಂದೇ ಬಂಕಿನಲ್ಲಿ, ಬೈಕನ್ನು ನೇರವಾಗಿ ನಿಲ್ಲಿಸಿ, ಒಂದೇ ಗುರುತಿನವರೆಗೆ ತುಂಬಿಸಿ ಟ್ರಿಪ್ ಮೀಟರನ್ನು ಸೊನ್ನೆಗೆ ತರುವುದು. ಬೆಟ್ಟಕ್ಕೆ ಹೋಗಿ ಬಂದು ಅಲ್ಲಿಯೇ ಅದೇ ಗುರುತಿಗೆ ತುಂಬಿಸಿ ಭಾಗಿಸುವುದು. ಊರೊಳಗಿನ ಲೆಕ್ಕ ಬೇರೆ, ಬೆಟ್ಟದ ಲೆಕ್ಕ ಬೇರೆ. ಒಬ್ಬನೇ ಹೋದಾಗ ಒಂದು, ಇಬ್ಬರಿದ್ದಾಗ ಇನ್ನೊಂದು. ಮೂರು ನಾಲ್ಕು ಸಲ ಮಾಡಿದರೆ ಕಂಪನಿಯ ಜಾಹೀರಾತಿನ ಅಂಕಿ ಮರೆತುಹೋಗಿ ತನ್ನದೇ ಅಂಕಿ ಬಾಯಿಗೆ ಬರುತ್ತದೆ. ಹಳದಿ ದೀಪವನ್ನು ಕಾಯುವ ಬದಲು ಟ್ರಿಪ್ ಮೀಟರಿನ ಒಂದು ಅಂಕಿಯನ್ನು ಗೆರೆಯೆಂದು ಇಟ್ಟುಕೊಳ್ಳುವುದು ಹೆಚ್ಚು ನಂಬಿಕೆಯ ದಾರಿ.

ಬೆಟ್ಟದ ದಾರಿಯಲ್ಲಿ ಕಲಿತದ್ದು ಧರ್ಮಪುರಿಯ ಕಡೆಗೆ ಹೊರಟಾಗಲೂ ಬೇಕಾಗುತ್ತದೆ. ಕೊಳತ್ತೂರಿನವರಿಗೆ ಪೆನ್ನಾಗರದ ಕಡೆಯ ನೆಂಟರ ಮನೆ ಕಣ್ಣೆದುರಿಗೇ ಇದೆ, ನಡುವೆ ಕಾವೇರಿಯ ನೀರು. 1934ರಲ್ಲಿ ಮೆಟ್ಟೂರು ಅಣೆಕಟ್ಟು ಕಟ್ಟಿ ಮುಗಿದಾಗ ಹಳೆಯ ಊರುಗಳೊಡನೆ ಹಳೆಯ ದಾರಿಗಳೂ ಮುಳುಗಿದವು; ನೀರು ತಗ್ಗಿದ ಬೇಸಗೆಗಳಲ್ಲಿ ಪಣ್ಣವಾಡಿಯ ಬಳಿ ಹಳೆಯ ದೇಗುಲದ ನಂದಿ ತಲೆಯೆತ್ತುವುದನ್ನು ನೋಡಲು ಜನ ಸೇರುತ್ತಾರೆ. ಪಣ್ಣವಾಡಿಯ ಕಡವಿನಲ್ಲಿ ಬೈಕನ್ನು ದೋಣಿಗೆ ಹತ್ತಿಸಿದರೆ ಆಚೆ ದಡದ ನಾಗಮರೈ ಧರ್ಮಪುರಿ ಜಿಲ್ಲೆ. ಎಂಜಿನ್ನು ನಿಲ್ಲಿಸಿ, ಹ್ಯಾಂಡಲ್ ಹಿಡಿದುಕೊಂಡು, ಒಂದು ಹನಿ ಪೆಟ್ರೋಲು ಸುಡದೆ ಜಲಾಶಯವನ್ನು ದಾಟುವ ಆ ಸ್ವಲ್ಪ ಹೊತ್ತಿನಲ್ಲಿ ಸಣ್ಣ ಟ್ಯಾಂಕಿನವನಿಗೆ ಇರುವಷ್ಟು ನೆಮ್ಮದಿ ಬೇರೆ ಯಾರಿಗೂ ಇರದು. ಕರ್ನಾಟಕದ ಕಡೆ ಮಳೆ ಹಿಡಿದು ಕಬಿನಿ, ಕೃಷ್ಣರಾಜಸಾಗರಗಳಿಂದ ನೀರು ಬಿಟ್ಟರೆ ಮಾತ್ರ ಕಡವು ನಿಲ್ಲುತ್ತದೆ. ಬೆಳಿಗ್ಗೆ ದೋಣಿಯಲ್ಲಿ ಬಂದವನು ಸಂಜೆ ಮೆಟ್ಟೂರನ್ನು ಬಳಸಿ, ಹಲವು ಹತ್ತು ಕಿ.ಮೀ. ಸುತ್ತಿ ಮನೆ ಸೇರಬೇಕು. ಆದ್ದರಿಂದ ಅತ್ತ ಕಡೆಯ ನೆಂಟರ ಮನೆಗೆ ಹೋಗುವವರು ಪಣ್ಣವಾಡಿಗೆ ಇಳಿಯುವ ಮುನ್ನ, ಐದು ಕಿ.ಮೀ. ಓಟಕ್ಕೆ ಯಾಕೆ ಎಂದು ಬಂಕಿನವನು ನಕ್ಕರೂ, ಕೊಳತ್ತೂರಿನಲ್ಲಿ ಟ್ಯಾಂಕು ತುಂಬಿಸಿಯೇ ಇಳಿಯುತ್ತಾರೆ.